ಬಿಚ್ಚಬೇಕಾಗಿದ್ದ ಹೊಲಿಗೆ

ಗಟ್ಟಿಯಣ್ಣ ಎಂಬುದು ಹೆತ್ತವರು ಇಟ್ಟ ಹೆಸರಲ್ಲ, ಗಿರಾಕಿಗಳು ಇಟ್ಟದ್ದು. ಕಾರಿನ ಸೀಟಿಗೆ ಕವರು ಹೊಲಿಯುವುದು ಅವನ ಕಸುಬು. ಅವನ ಕೈಯಲ್ಲಿ ಕವರು ಹೊಲಿಸಿಕೊಂಡ ಕಾರು ನಾಲ್ಕಾರು ಕೈ ಬದಲಾಗಿ, ಬಣ್ಣ ಕಳೆದುಕೊಂಡು, ಕೊನೆಗೆ ಗುಜರಿ ಸೇರಿದಾಗಲೂ ಕವರಿನ ಒಂದು ಎಳೆ ಸಡಿಲವಾಗಿರುತ್ತಿರಲಿಲ್ಲ. ಗುಜರಿಯವನು ಸೀಟು ಕಿತ್ತು ಸ್ಪಂಜು ತೆಗೆಯುವಾಗ, "ಈ ಮನುಷ್ಯ ದಾರದಲ್ಲಿ ಹೊಲೀತಾನೋ ಕಬ್ಬಿಣದಲ್ಲಿ ಹೊಲೀತಾನೋ" ಎಂದು ಹಿಡಿಶಾಪ ಹಾಕುತ್ತಿದ್ದ. ಆ ಶಾಪ ಗಟ್ಟಿಯಣ್ಣನ ಕಿವಿಗೆ ಬಿದ್ದರೆ ಅವತ್ತು ಅವನಿಗೆ ಎರಡು ತುತ್ತು ಹೆಚ್ಚೇ ಇಳಿಯುತ್ತಿತ್ತು.

ಕಸುಬು ಅಪ್ಪನಿಂದ ಬಂದದ್ದು. ಅಪ್ಪ ಕಲಿಸಿದ್ದು ಒಂದೇ ಮಾತು: ಬಟ್ಟೆ ಹರಿದರೆ ನೇಯ್ದವನ ತಪ್ಪು, ಹೊಲಿಗೆ ಬಿಚ್ಚಿದರೆ ಹೊಲಿದವನ ಮಾನ ಹೋಯಿತು. ಟೈರು ಅಂಗಡಿಗೂ ಬ್ಯಾಟರಿ ಅಂಗಡಿಗೂ ನಡುವೆ ಸಿಕ್ಕಿಕೊಂಡ ಒಂದು ಬಾಗಿಲಿನ ಜಾಗ ಅವನದು. ಗೋಡೆಗೆ ಒರಗಿಸಿ ನಿಲ್ಲಿಸಿದ ರೆಕ್ಸಿನ್ ಸುರುಳಿಗಳು, ಅಂಟಿನ ವಾಸನೆ, ನಡುವೆ ಉದ್ದನೆಯ ಮೇಜು, ಮೂಲೆಯಲ್ಲಿ ಎಮ್ಮೆಯಂತೆ ಕೂತ ಹಳೆಯ ಹೊಲಿಗೆ ಮಷಿನ್ನು. ಮಗಳು ಶಾಲೆ ಬಿಟ್ಟವಳೇ ಇಲ್ಲಿಗೆ ಓಡಿಬರುತ್ತಿದ್ದಳು. ರೆಕ್ಸಿನ್ನಿನ ಒಂದು ತುದಿ ಅವಳು ಹಿಡಿದು ಜಗ್ಗಬೇಕು, ಇನ್ನೊಂದು ತುದಿಯಿಂದ ಅಪ್ಪ ಕತ್ತರಿ ಓಡಿಸಬೇಕು. ಸುಕ್ಕಾಗದಂತೆ, ಓರೆಯಾಗದಂತೆ ಬಟ್ಟೆ ಜಗ್ಗಿ ಹಿಡಿಯುವುದರಲ್ಲಿ ಅವಳ ಕೈಗೆ ಸಮ ಇರಲಿಲ್ಲ. ಮದುವೆಯಾಗಿ ಹೋದಮೇಲೂ ದೊಡ್ಡ ಕೆಲಸ ಬಂದರೆ, "ಪುಟ್ಟಿ, ಒಂದು ಗಳಿಗೆ ಬಂದು ಹೋಗೇ" ಎಂದು ಫೋನು ಮಾಡುತ್ತಿದ್ದ. ಅವಳೂ ಬಂದು ಹೋಗುತ್ತಿದ್ದಳು.

ಅಳಿಯ ಕಾರು ಓಡಿಸುವುದನ್ನು ಕಲಿಸುವ ಮೇಷ್ಟ್ರು. ಒಳ್ಳೆಯವನು, ಆದರೆ ಮಾತಿಗೆ ಕೂತರೆ ಮುಗಿಯಿತು. ಭಾನುವಾರ ಮಾವ ಅಳಿಯ ಊಟಕ್ಕೆ ಕೂತರೆ ತಟ್ಟೆ ಒಣಗುವವರೆಗೂ ವಾದ. ಕಾರಿನಲ್ಲಿ ಬೆಲ್ಟು ಇರಬೇಕು, ಗುದ್ದಿದಾಗ ಉಬ್ಬುವ ಗಾಳಿಚೀಲ ಇರಬೇಕು, ತಾನಾಗಿ ನಿಲ್ಲುವ ಬ್ರೇಕು ಇರಬೇಕು, ಎಲ್ಲ ಕಾನೂನಾಗಬೇಕು, ಹಾಕದ ಕಂಪನಿಗೆ ಬೀಗ ಬೀಳಬೇಕು, ಇದು ಅಳಿಯನ ಪಾಠ.

"ಅಲ್ಲ ಅಳಿಯಂದ್ರೇ, ನಾವು ಚಿಕ್ಕವರಿದ್ದಾಗ ಒಂದೊಂದು ವ್ಯಾನಿನಲ್ಲಿ ಕುರಿ ತುಂಬಿದ ಹಾಗೆ ತುಂಬ್ಕೊಂಡು ಹೋಗ್ತಿದ್ವಿ. ಬೆಲ್ಟೂ ಇಲ್ಲ, ಬಲೂನೂ ಇಲ್ಲ. ಸತ್ತು ಹೋದ್ವಾ?"

"ಸತ್ತವರು ಬಂದು ಹೇಳಲ್ಲವಲ್ಲ ಮಾವ."

"ನೋಡು ನೋಡು, ಬಾಯಿ ನೋಡು ಇವರದ್ದು!" ಗಟ್ಟಿಯಣ್ಣ ಹೆಂಡತಿಯ ಕಡೆ ತಿರುಗಿ ನಗುತ್ತಿದ್ದ. ಆಮೇಲೆ ಮತ್ತೆ ಹಿಡಿಯುತ್ತಿದ್ದ. "ಬುದ್ಧಿ ಇರೋನು ತಾನಾಗೇ ಹುಷಾರಾಗಿರ್ತಾನೆ. ಬುದ್ಧಿ ಇಲ್ಲದೋನಿಗೆ ನೂರು ಕಾನೂನು ಮಾಡಿದ್ರೂ ಗೋರ್ಕಲ್ಲ ಮೇಲೆ ನೀರು ಸುರಿದ ಹಾಗೆ."

"ನನಗೆ ಬುದ್ಧಿ ಇರೋರದ್ದೇ ಭಯ ಜಾಸ್ತಿ. ಪ್ರೀತಿ ಬಂದಾಗ, ನಾಚಿಕೆ ಆದಾಗ, ಅವಸರ ಇದ್ದಾಗ ಅವರೂ ಬುದ್ಧಿ ತೆಗೆದು ಪಕ್ಕಕ್ಕಿಡ್ತಾರೆ. ಕಾನೂನಿಗೆ ನೆಂಟರಿಲ್ಲ ಮಾವ. ಅದಕ್ಕೇ ಅದು ಬೇಕು."

"ಕಾನೂನಿಗೆ ನೆಂಟರಿಲ್ಲವಂತೆ. ಇವರಿಗೆ ಪಾಠ ಮಾಡಿ ಮಾಡಿ ತಲೆ ಕೆಟ್ಟಿದೆ, ಇನ್ನೊಂದು ಸೌಟು ಬಡಿಸೇ," ಎಂದು ಗಟ್ಟಿಯಣ್ಣ ಮಾತು ಹಾರಿಸಿಬಿಡುತ್ತಿದ್ದ.

ಹೀಗಿರುವಾಗ ಒಂದು ದಿನ ದಾರ ಮಾರುವ ಏಜೆಂಟು ಅಂಗಡಿಗೆ ಬಂದ. ಕೈಯಲ್ಲಿ ಹೊಸದೊಂದು ದಾರದ ಉಂಡೆ. ಹೊಸ ಕಾರಿಗೆಲ್ಲ ಪಕ್ಕದ ಚೀಲವೂ ಇರಲೇಬೇಕೆಂದು ಕಾನೂನು ಬಂದಿದೆ, ಆ ಚೀಲ ಸೀಟಿನ ಬೆನ್ನಿನೊಳಗೇ, ಬಾಗಿಲ ಕಡೆಯ ಅಂಚಿನಲ್ಲಿ ಕೂತಿರುತ್ತದೆ, ಪಕ್ಕದಿಂದ ಗುದ್ದು ಬಿದ್ದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಸೀಟು ಸೀಳಿಕೊಂಡು ಹೊರಗೆ ಬಂದು ಕೂತವರ ಪಕ್ಕೆಗೂ ಬಾಗಿಲಿಗೂ ನಡುವೆ ನಿಲ್ಲುತ್ತದೆ, ಎಂದು ವಿವರಿಸಿದ. ಅದಕ್ಕಾಗಿ ಮೇಲಿನ ಕವರಿನಲ್ಲಿ ಆ ಜಾಗದ ಹೊಲಿಗೆ ಮಾತ್ರ ಈ ದಾರದಲ್ಲಿ ಹಾಕಬೇಕು, ಚೀಲ ಉಬ್ಬಿದ ತಕ್ಷಣ ಅದು ಬಿಚ್ಚಿಕೊಳ್ಳಬೇಕು.

ಗಟ್ಟಿಯಣ್ಣ ಎಳೆಯೊಂದನ್ನು ಎರಡು ಬೆರಳಲ್ಲಿ ಹಿಡಿದು ಜಗ್ಗಿದ. ಪಟ್ ಎಂದಿತು. ಅವನು ಕಣ್ಣಲ್ಲಿ ನೀರು ಬರುವಷ್ಟು ನಕ್ಕ.

"ಇದರಲ್ಲಿ ಗಾಳಿಪಟ ಹಾರಿಸೋಕೂ ಆಗಲ್ಲವಲ್ಲಯ್ಯ! ಬಿಚ್ಚಿಹೋಗಲಿ ಅಂತಲೇ ಹೊಲೀಬೇಕಾ? ನನ್ನಪ್ಪ ಇದ್ದಿದ್ರೆ ನಿನ್ನ ಈ ಮೇಜಿನ ಮೇಲೇ ಮಲಗಿಸಿ ಹೊಲಿದುಬಿಡ್ತಿದ್ದ. ಇದೂ ಕಾನೂನಾ?"

"ಚೀಲ ಇಡೋದು ಕಾನೂನು ಅಣ್ಣ. ಮೇಲಿನ ಕವರಿಗೆ ಇನ್ನೂ ಕಾನೂನಿಲ್ಲ. ಇದು ಸಲಹೆ."

"ಸಲಹೆ ತಾನೇ? ಹಾಗಾದ್ರೆ ಇಟ್ಟು ಹೋಗು."

ನಕ್ಕನೇ ಹೊರತು ಗಟ್ಟಿಯಣ್ಣ ಪೆದ್ದನಲ್ಲ, ಕಟುಕನೂ ಅಲ್ಲ. ಹೊಸ ಕಾರು ಬಂದಾಗ ಗೊಣಗಿಕೊಂಡೇ ಆ ಜಾಗಕ್ಕೆ ಆ ದಾರ ಹಾಕಿದ. "ಇಷ್ಟು ಮಾತ್ರ ನನ್ನ ಹೊಲಿಗೆ ಅಲ್ಲ, ಬಿಚ್ಚಿದ್ರೆ ನನ್ನ ಬೈಬೇಡಿ" ಎಂದು ಗಿರಾಕಿಗೆ ಮೊದಲೇ ಹೇಳುತ್ತಿದ್ದ. ಒಂದಿಬ್ಬರ ಕಾರಿನಲ್ಲಿ ಆರು ತಿಂಗಳಿಗೇ, ಹತ್ತಿ ಇಳಿಯುವಾಗ ಮೈ ಉಜ್ಜಿ ಆ ಹೊಲಿಗೆ ಬಾಯಿ ಬಿಟ್ಟಿತು. ಬ್ಯಾಟರಿ ಅಂಗಡಿಯವನು, "ಏನು ಗಟ್ಟಿಯಣ್ಣ, ಪೊಳ್ಳಣ್ಣ ಆಗಿಬಿಟ್ರಾ?" ಎಂದು ಚುಡಾಯಿಸಿದ. ಅದು ತಮಾಷೆಯೇ, ಆದರೂ ಮುರಿದ ಮುಳ್ಳಿನಂತೆ ಒಳಗೇ ಉಳಿಯಿತು.

ಆಮೇಲೆ ಮಗಳು ಅಳಿಯ ಹೊಸ ಕಾರು ತಂದರು. ಪಕ್ಕದ ಚೀಲ, ಕಿಟಕಿಯ ಮೇಲಿಂದ ಇಳಿಯುವ ಚೀಲ, ಎಲ್ಲ ಇದ್ದ ಕಾರು. ಅದಕ್ಕಾಗಿಯೇ ಅಳಿಯ ಎರಡು ವರ್ಷ ಕಾದಿದ್ದ. ಈ ಕಾರಿನ ಸೀಟಿಗೆ ಕವರು ಹಾಕಬೇಡಿ ಎಂದು ಕಂಪನಿಯವರೇ ಹೇಳಿದ್ದಾರೆ ಎಂದ. ಮಗಳು ಬಿಡಲಿಲ್ಲ.

"ಸೀಟ್ ಕವರು ಹೊಲಿಯೋನ ಮಗಳ ಕಾರು ಬರೀ ಮೈಯಲ್ಲಿ ಓಡಾಡಬೇಕೇನ್ರೀ? ಜನ ಏನಂದಾರು? ಅಪ್ಪ ಆಗಲೇ ಬಣ್ಣ ಆರಿಸಿ ಇಟ್ಟಿದ್ದಾನೆ."

ಅಳಿಯ ಸೋತ. ಆದರೆ ಕಾರು ಬಿಟ್ಟು ಹೋಗುವಾಗ ಅಂಗಡಿಯ ಬಾಗಿಲಲ್ಲಿ ನಿಂತು, ಹೆಂಡತಿಗೆ ಕೇಳದ ಹಾಗೆ, "ಮಾವ, ಆ ಜಾಗಕ್ಕೆ ಆ ದಾರ. ಮರೀಬೇಡಿ" ಎಂದ.

"ಮೀನಿಗೆ ಈಜು ಕಲಿಸ್ತೀರಾ? ಹೋಗಿ ಹೋಗಿ."

ಕೆನೆಬಣ್ಣದ ರೆಕ್ಸಿನ್ನು, ಅಂಚಿಗೆ ಕಂದು ಪೈಪಿಂಗು. ಮಗಳೇ ಬಂದು ತುದಿ ಹಿಡಿದಳು, ಅಪ್ಪ ಕತ್ತರಿಸಿದ. ಅವಳು ಹೋದಮೇಲೆ ಮಷಿನ್ನಿಗೆ ಕೂತ. ಡ್ರೈವರ್ ಸೀಟಿನ ಬೆನ್ನಿಗೆ ಬಂದಾಗ ಅಳಿಯ ಹೇಳಿದಂತೆಯೇ ಆ ಪೊಳ್ಳು ದಾರ ಏರಿಸಿ, ಅಂಗೈ ಉದ್ದದ ಹೊಲಿಗೆ ಹಾಕಿದ. ಹಾಕಿದವನು ಅಭ್ಯಾಸದಂತೆ ಎರಡು ಕಡೆ ಹಿಡಿದು ಜಗ್ಗಿ ನೋಡಿದ. ಪಟ್.

ಅವನಿಗೆ ಮೈ ಉರಿಯಿತು. ದಿನಾ ಹತ್ತಿ ಇಳಿಯುವವಳು ಮಗಳು. ಆರು ತಿಂಗಳಿಗೆ ಇದು ಬಾಯಿ ಬಿಡುತ್ತದೆ. ಅಳಿಯನ ಕಡೆಯವರು ಕಾರು ಹತ್ತುತ್ತಾರೆ, ನೋಡುತ್ತಾರೆ, ಬಾಯಲ್ಲಿ ಹೇಳದಿದ್ದರೂ ಕಣ್ಣಲ್ಲಿ ಹೇಳುತ್ತಾರೆ: ಊರಿಗೆಲ್ಲ ಗಟ್ಟಿ, ಮಗಳಿಗೆ ಪೊಳ್ಳು. ಊರಿನವರ ಕಾರಿಗೆ ಏನಾದರೂ ಹಾಕಲಿ, ಇದು ತನ್ನ ಪುಟ್ಟಿ ಒರಗಿ ಕೂರುವ ಸೀಟು. ಚೀಲವಂತೆ, ಉಬ್ಬುತ್ತದಂತೆ. ನೂರು ಕಾರಿನಲ್ಲಿ ಒಂದಕ್ಕೂ ಉಬ್ಬುವುದಿಲ್ಲ. ಉಬ್ಬಿದರೂ ಅಷ್ಟು ಜೋರಿರುವ ಚೀಲ ಒಂದು ದಾರಕ್ಕೆ ಹೆದರೀತೇ? ಹೀಗೆಲ್ಲ ತನಗೆ ತಾನೇ ಹೇಳಿಕೊಂಡು, ಪೊಳ್ಳು ದಾರ ಕಿತ್ತು ಬಿಸಾಡಿ, ದಪ್ಪ ನೈಲಾನ್ ದಾರ ಏರಿಸಿ ಒಂದು ಸಾಲು ಹೊಲಿದ. ಅದರ ಮೇಲೆ ಇನ್ನೊಂದು ಸಾಲು. ಮನಸ್ಸಿಗೆ ಸಮಾಧಾನವಾಗದೆ ಮೂರನೆಯದು. ಕಸುಬು ಹಿಡಿದಾಗಿನಿಂದ ಅಷ್ಟು ಚೆಂದದ ಹೊಲಿಗೆಯನ್ನು ಅವನು ಹಾಕಿರಲಿಲ್ಲ.

ಕಾರು ಒಯ್ಯಲು ಬಂದ ಅಳಿಯ ಕವರಿನ ಮೇಲೆ ಕೈಯಾಡಿಸಿ, "ಆ ದಾರ ತಾನೇ ಮಾವ?" ಎಂದು ಕೇಳಿದ.

"ಹೂಂ," ಎಂದ ಗಟ್ಟಿಯಣ್ಣ, ಕತ್ತರಿ ಒರೆಸುತ್ತ.

ಒಂದೇ ಒಂದು ಹೂಂ. ಬಾಯಿ ತೆರೆಯದೆಯೇ ಆಡಬಹುದಾದ ಸುಳ್ಳು.

ಮಳೆಗಾಲವೂ ಅಲ್ಲ, ಮಂಜೂ ಇಲ್ಲ, ಹಾಡುಹಗಲು. ಮಗಳು ಕಾರು ಓಡಿಸುತ್ತಿದ್ದಳು, ಅಳಿಯ ಪಕ್ಕದಲ್ಲಿದ್ದ. ನಾಲ್ಕು ದಾರಿ ಸೇರುವಲ್ಲಿ ಹಸಿರು ದೀಪ ಬಿದ್ದಮೇಲೆಯೇ ಹೊರಟಿದ್ದಾಳೆ. ಅಡ್ಡದಾರಿಯಿಂದ ಕೆಂಪು ದೀಪ ಹಾರಿಸಿಕೊಂಡು ಬಂದ ಸಾಮಾನಿನ ಲಾರಿ ಅವಳ ಬಾಗಿಲಿಗೇ ಗುದ್ದಿತು. ಅಳಿಯನಿಗೆ ತರಚು ಗಾಯ. ಮಗಳ ತಲೆಗೆ ಏನೂ ಆಗಲಿಲ್ಲ, ಕಿಟಕಿಯ ಮೇಲಿನ ಚೀಲ ಇಳಿದು ತಲೆ ಉಳಿಸಿತ್ತು. ಪಕ್ಕೆಯಿಂದ ಕೆಳಗೆ ಹೇಳುವಂತಿರಲಿಲ್ಲ. ಸೊಂಟದ ಮೂಳೆ ಪುಡಿ, ಬೆನ್ನುಹುರಿಗೆ ಪೆಟ್ಟು. ಜೀವಕ್ಕೆ ಭಯವಿಲ್ಲ, ಆದರೆ ಇನ್ನು ನಡೆಯುವುದನ್ನು ಮರೆತುಬಿಡಿ ಎಂದು ಡಾಕ್ಟರು ಗೋಡೆ ನೋಡಿಕೊಂಡು ಹೇಳಿದರು.

ಮೂರು ದಿನ ಅಳಿಯ ಆಸ್ಪತ್ರೆಯ ಬೆಂಚು ಬಿಟ್ಟು ಏಳಲಿಲ್ಲ. ನಾಲ್ಕನೆಯ ದಿನ ಹೊರಗೆ ಹೋಗಿ ಬಂದು ಮಾವನ ಪಕ್ಕ ಕೂತ.

"ಕಾರು ನೋಡ್ಕೊಂಡು ಬಂದೆ ಮಾವ. ಪೂರ್ತಿ ಚಿಂದಿ. ನಿಮ್ಮ ಕವರು ಮಾತ್ರ ಒಂದು ಎಳೆ ಬಿಟ್ಟಿಲ್ಲ."

ದೇವರೇ, ಆ ಗಳಿಗೆಯಲ್ಲಿ, ಮಗಳು ಒಳಗೆ ಹಾಗೆ ಬಿದ್ದಿರುವಾಗ, ಗಟ್ಟಿಯಣ್ಣನ ಎದೆ ಒಂದು ಚಣ ಉಬ್ಬಿತು. ಅದಕ್ಕೇನು ಹೇಳುವುದು! ನಾಯಿ ತನ್ನ ಹೆಸರು ಕೂಗಿದರೆ ಬಾಲ ಅಲ್ಲಾಡಿಸುವ ಹಾಗೆ, ಅಷ್ಟು ವರ್ಷದ ಅಭ್ಯಾಸ ಅದು. ಮರುಚಣಕ್ಕೆ ಅಳಿಯನ ಮುಂದಿನ ಮಾತು ಬಂತು.

"ಆ ಜಾಗಕ್ಕೆ ನೀವು ಹಾಕಿದ್ದು ಪೊಳ್ಳು ದಾರ. ಅದೂ ಹರಿದಿಲ್ಲ ಅಂದ್ರೆ ಏನರ್ಥ? ಒಳಗಿನ ಚೀಲ ಉಬ್ಬೇ ಇಲ್ಲ! ಕಂಪನಿಯವರು ಕೆಟ್ಟ ಚೀಲ ಇಟ್ಟು ಮಾರಿದ್ದಾರೆ. ನಿಮ್ಮ ಹೊಲಿಗೆಯೇ ಸಾಕ್ಷಿ ಮಾವ. ಬಿಡಲ್ಲ ನಾನು. ಇನ್ಯಾರ ಹೆಂಡತಿಗೂ ಹೀಗಾಗಬಾರದು."

ಹೇಳಬೇಕಿತ್ತು, ಆಗಲೇ ಹೇಳಬೇಕಿತ್ತು. ಗಟ್ಟಿಯಣ್ಣ ಹೇಳಲಿಲ್ಲ. ಒಳಗೆ ಒಂದು ಹಾಳು ಆಸೆ ಬೇರೆ: ಅಳಿಯ ಹೇಳಿದ್ದೇ ನಿಜ ಇದ್ದರೆ? ಚೀಲವೇ ಕೆಟ್ಟಿದ್ದರೆ? ಕಂಪನಿಯ ತಪ್ಪೇ ಇದ್ದರೆ ತನ್ನ ಹೊಲಿಗೆ ಏನು ಮಾಡೀತು? ತನ್ನ ಮಗಳಿಗೆ ಯಾರೋ ಮೋಸ ಮಾಡಿದ್ದಾರೆ ಎಂದು ದೇವರಲ್ಲಿ ಬೇಡಿಕೊಳ್ಳುವ ತಂದೆಯನ್ನು ನೀವು ನೋಡಿದ್ದೀರಾ? ಆ ವಾರವಿಡೀ ಗಟ್ಟಿಯಣ್ಣ ಬೇಡಿಕೊಂಡದ್ದು ಅದನ್ನೇ.

ಒಳಗೆ ಮಂಚದ ಮೇಲೆ ಮಲಗಿದ ಮಗಳು ನೋಡಲು ಬಂದವರಿಗೆಲ್ಲ ಒಂದೇ ಮಾತು ಹೇಳುತ್ತಿದ್ದಳು. "ಕಾರೆಲ್ಲ ಹೋಯ್ತಂತೆ, ಅಪ್ಪನ ಹೊಲಿಗೆ ಮಾತ್ರ ಹೋಗಿಲ್ಲವಂತೆ. ನಮ್ಮಪ್ಪ ಅಂದ್ರೆ ಸುಮ್ನೇನಾ?" ಹೇಳಿ ನಗುತ್ತಿದ್ದಳು. ನಕ್ಕರೆ ಪಕ್ಕೆ ನೋಯುತ್ತಿತ್ತು, ಆದರೂ ನಗುತ್ತಿದ್ದಳು. ಗಟ್ಟಿಯಣ್ಣ ನೀರು ತರುವ ನೆಪ ಮಾಡಿ ಹೊರಗೆ ಹೋಗುತ್ತಿದ್ದ.

ಅಳಿಯನ ದೂರಿಗೆ ಕಂಪನಿಯವರು ಓಗೊಟ್ಟು, ಸೀಟು ಬಿಚ್ಚಿ ನೋಡಲು ಒಬ್ಬ ಇಂಜಿನಿಯರನ್ನು ಕಳಿಸುವುದಾಗಿ ತಿಳಿಸಿದರು. ಇಂಜಿನಿಯರು ಬರುವ ಹಿಂದಿನ ದಿನ ಮಧ್ಯಾಹ್ನ ಗಟ್ಟಿಯಣ್ಣ ಜೇಬಿನಲ್ಲಿ ಡೊಂಕು ಸೂಜಿ, ಹೊಲಿಗೆ ಬಿಚ್ಚುವ ಕೊಕ್ಕೆ, ಆ ಪೊಳ್ಳು ದಾರದ ಉಂಡೆ ಇಟ್ಟುಕೊಂಡು ಒಡೆದ ಕಾರುಗಳನ್ನು ನಿಲ್ಲಿಸುವ ಬಯಲಿಗೆ ಹೋದ. ಅಲ್ಲಿನ ಕಾವಲಿನವನ ಬೈಕಿನ ಸೀಟು ಹೊಲಿದವನೂ ಇವನೇ.

"ಮಗಳ ಸಾಮಾನು ಒಂದೆರಡು ಉಳಿದಿದೆ ಕಣಯ್ಯ, ತಗೊಂಡು ಬರ್ತೀನಿ."

"ಹೋಗಿ ಅಣ್ಣ, ನಿಮ್ಮದೇ ಕಾರು. ಪಾಪ, ಹೇಗಿದ್ದಾಳೆ ಮಗು?"

"ಇದ್ದಾಳೆ," ಎಂದ ಗಟ್ಟಿಯಣ್ಣ.

ಹಿಂದಿನ ಬಾಗಿಲಿನಿಂದ ಒಳಗೆ ತೂರಿ ಡ್ರೈವರ್ ಸೀಟಿನ ಬೆನ್ನ ಮೇಲೆ ಕೈಯಿಟ್ಟ. ಕೆನೆಬಣ್ಣ ಎಲ್ಲಿತ್ತು? ಒಂದು ಕಡೆ ಪೂರ್ತಿ ಕಂದಾಗಿ, ಒಣಗಿ, ರಟ್ಟಿನಂತಾಗಿತ್ತು. ಸೀಟಿನ ಸಂದಿನಲ್ಲಿ ಅವಳ ಕೂದಲಿನ ಕ್ಲಿಪ್ಪು ಸಿಕ್ಕಿಕೊಂಡಿತ್ತು. ಅಂಚಿನ ಹೊಲಿಗೆ ಮೂರು ಸಾಲು, ನೂಲು ಹಿಡಿದಂತೆ ನೆಟ್ಟಗೆ. ಅದರ ಕೆಳಗೆ ಒತ್ತಿ ನೋಡಿದ. ಅಲ್ಲಿ ಗಟ್ಟಿಯಾಗಿರಬೇಕಾದ ಜಾಗ ಪೊಳ್ಳಾಗಿತ್ತು. ಒಳಗಿನ ಚೀಲ ಬಾಗಿಲ ಕಡೆ ದಾರಿ ಸಿಗದೆ, ಸ್ಪಂಜು ಸೀಳಿಕೊಂಡು ಬೆನ್ನ ಹಿಂಭಾಗಕ್ಕೆ ನುಗ್ಗಿ, ಅಲ್ಲಿ ಮುದ್ದೆಯಾಗಿ ಸತ್ತು ಬಿದ್ದಿತ್ತು. ಕವರಿನೊಳಗಿನಿಂದ ಸುಟ್ಟ ವಾಸನೆ ಬಂತು.

ಉಬ್ಬಿತ್ತು. ಸಮಯಕ್ಕೆ ಸರಿಯಾಗಿ ಉಬ್ಬಿತ್ತು. ಹೊರಗೆ ಬಿಡಿ ಎಂದು ಬಡಿದಿತ್ತು. ಬಿಡದೆ ಹಿಡಿದವನು ತಾನು.

ಗಟ್ಟಿಯಣ್ಣ ಬಾಯಿಗೆ ಅಂಗಿಯ ತೋಳು ತುರುಕಿಕೊಂಡು ಅತ್ತ. ಅತ್ತು ಮುಗಿದಮೇಲೆ ಬುದ್ಧಿ ಇರುವವನಾಗಿದ್ದರೆ ಎದ್ದು ಹೋಗಿ ಅಳಿಯನ ಕಾಲ ಬಳಿ ಕೂತು ಹೇಳಿಬಿಡುತ್ತಿದ್ದ. ಕೆಡುವ ಕಾಲಕ್ಕೆ ಬುದ್ಧಿಯೂ ಕೆಡುತ್ತದೆ. ಹೂಂ ಎಂದದ್ದನ್ನು ಈಗಲಾದರೂ ನಿಜ ಮಾಡಿಬಿಡಬೇಕು ಎಂಬುದೊಂದೇ ಅವನ ತಲೆಯಲ್ಲಿ ಕೂತಿತು. ಕೊಕ್ಕೆ ತೆಗೆದು ತನ್ನ ಹೊಲಿಗೆಯನ್ನು ತಾನೇ ಬಿಚ್ಚಲು ಕೂತ. ಅದು ಬಿಚ್ಚಿದರೆ ತಾನೇ! ಒಂದೊಂದು ಗಂಟೂ ಹಲ್ಲು ಕಚ್ಚಿ ಹಿಡಿದಿತ್ತು. ಬೆರಳ ತುದಿ ಸೀಳಿತು. ಗುಜರಿಯವನು ಹಾಕುತ್ತಿದ್ದ ಶಾಪವನ್ನೆಲ್ಲ ಇವತ್ತು ತನ್ನ ಬಾಯಿಂದಲೇ ತನಗೆ ಹಾಕಿಕೊಂಡ. ಅಂತೂ ಬಿಚ್ಚಿ, ಅದೇ ತೂತುಗಳಲ್ಲಿ ಪೊಳ್ಳು ದಾರ ಪೋಣಿಸಿ, ಮಷಿನ್ನಿನ ಹೊಲಿಗೆಯೇ ಎನ್ನಿಸುವಷ್ಟು ಸಮವಾಗಿ ಕೈಯಲ್ಲಿ ಹೊಲಿದ. ಕಿತ್ತ ನೈಲಾನ್ ದಾರವನ್ನೂ ಕೂದಲಿನ ಕ್ಲಿಪ್ಪನ್ನೂ ಜೇಬಿಗೆ ಹಾಕಿಕೊಂಡು ಹೊರಬಿದ್ದ.

ಮರುದಿನ ಬೆಳಿಗ್ಗೆ ಇಂಜಿನಿಯರು ಬಂದಳು. ಚಿಕ್ಕ ವಯಸ್ಸು, ಕೈಗೆ ರಬ್ಬರಿನ ಗವಸು, ಮಾತು ಕಡಿಮೆ. ಜೊತೆಗೆ ಸೀಟು ಬಿಚ್ಚಲು ಒಬ್ಬ ಕೆಲಸದವನು. ಅಳಿಯ ಎದೆಯೆತ್ತಿ ನಿಂತಿದ್ದ. "ಇವರು ನಮ್ಮ ಮಾವ. ಕವರು ಹೊಲಿದವರು ಇವರೇ. ಆ ಜಾಗಕ್ಕೆ ಹಾಕಬೇಕಾದ ದಾರವನ್ನೇ ಹಾಕಿದ್ದಾರೆ. ಅದು ಹರಿದೇ ಇಲ್ಲ, ನೋಡಿ ಬೇಕಾದ್ರೆ."

ಅವಳು ಬಾಗಿ ನೋಡಿದಳು. ಬಹಳ ಹೊತ್ತು ನೋಡಿದಳು. ಆಮೇಲೆ ಬೆರಳಲ್ಲಿ ಹೊಲಿಗೆ ಮುಟ್ಟಿ ಅಳಿಯನನ್ನು ಹತ್ತಿರ ಕರೆದಳು.

"ಸರ್, ಇಲ್ಲಿ ರಕ್ತ ಒಣಗಿದೆ. ರೆಕ್ಸಿನ್ ಕಂದಾಗಿದೆ, ಸೂಜಿಯ ತೂತುಗಳೂ ಕಂದಾಗಿವೆ. ದಾರ ಮಾತ್ರ ಬೆಳ್ಳಗಿದೆ."

ಅಷ್ಟು ಸಮ ಹೊಲಿದವನಿಗೆ ಇಷ್ಟು ಹೊಳೆದಿರಲಿಲ್ಲ.

ಅವಳ ಸನ್ನೆಗೆ ಕೆಲಸದವನು ಕವರು ಸರಿಸಿ ಸೀಟಿನ ಬೆನ್ನು ಬಿಚ್ಚಿದ. ಮುದುಡಿ ಮುದ್ದೆಯಾದ ಚೀಲ ಹಿಂದಿನಿಂದ ಜೋತುಬಿತ್ತು.

"ಚೀಲ ಉಬ್ಬಿದೆ ಸರ್. ಹೊರಗೆ ಬರೋಕೆ ಆಗಿಲ್ಲ. ಏನೋ ತಡೆದಿದೆ, ಈ ದಾರ ಅಂತೂ ಅಲ್ಲ. ಇದನ್ನ ಆಮೇಲೆ ಯಾರೋ ಹೊಲಿದಿದ್ದಾರೆ."

ಅಳಿಯನ ಮುಖಕ್ಕೆ ರಕ್ತ ನುಗ್ಗಿತು. "ಯಾರೋ ಅಂದ್ರೆ? ನೀವೇ! ನಿಮ್ಮ ಕಂಪನಿಯವರೇ ಬಂದು ದಾರ ಬದಲಾಯಿಸಿದ್ದೀರಿ! ತಪ್ಪು ನಮ್ಮ ಮಾವನ ತಲೆಗೆ ಕಟ್ಟೋಕೆ ನೋಡ್ತೀರಾ? ಅವರು ಎಂಥ ಮನುಷ್ಯ ಗೊತ್ತಾ ನಿಮಗೆ? ಮಗಳ ಸೀಟಿಗೆ ತಪ್ಪು ಹೊಲಿಗೆ ಹಾಕ್ತಾರಾ ಅವರು? ಎಲ್ಲಿ ಆ ಕಾವಲಿನವನು? ಕರೀರಿ ಅವನನ್ನ! ಎಷ್ಟು ತಿಂದಿದ್ದಾನೆ ಕೇಳೋಣ!"

ಕಾವಲಿನವನು ಓಡಿಬಂದ. ಅಳಿಯ ಅವನ ಕೊರಳಪಟ್ಟಿಗೆ ಕೈ ಹಾಕಿದ. ಆ ಬಡಪಾಯಿ ಒದ್ದಾಡುತ್ತ ಗಟ್ಟಿಯಣ್ಣನ ಕಡೆ ನೋಡಿದ.

"ಬಿಡಿ ಅವನನ್ನ," ಎಂದ ಗಟ್ಟಿಯಣ್ಣ. "ನಾನೇ. ನಿನ್ನೆ ಬಂದು ನಾನೇ ಬದಲಾಯಿಸಿದೆ."

ಜೇಬಿನಿಂದ ಕಿತ್ತ ನೈಲಾನ್ ದಾರ ತೆಗೆದು ಅಂಗೈಯಲ್ಲಿ ಹಿಡಿದ. ಅದು ಕಂದಾಗಿತ್ತು.

ಅಳಿಯನ ಕೈ ತಾನಾಗಿ ಸಡಿಲವಾಯಿತು. ಹೊಡೆಯುತ್ತಾನೆ ಎಂದುಕೊಂಡ ಗಟ್ಟಿಯಣ್ಣ. ಹೊಡೆದಿದ್ದರೆ ಎಷ್ಟೋ ಚೆನ್ನಾಗಿತ್ತು. ಅಳಿಯ ದಾರವನ್ನೇ ನೋಡುತ್ತ, ಮಗು ಕೇಳುವ ಹಾಗೆ ಕೇಳಿದ:

"ಹೂಂ ಅಂದ್ರಲ್ಲ ಮಾವ?"

ಗಟ್ಟಿಯಣ್ಣ ಇಂಜಿನಿಯರ್ ಕಡೆ ತಿರುಗಿ ಕೈ ಮುಗಿದ. "ನನ್ನ ಮೇಲೆ ಕೇಸು ಹಾಕಮ್ಮ. ಜೈಲಿಗೆ ಹಾಕಿಸು. ಏನು ಶಿಕ್ಷೆ ಇದೆಯೋ ಅದನ್ನ ಕೊಡಿಸು."

ಅವಳು ಗವಸು ಕಳಚುತ್ತ, ಪಾಪ, ಅವಳಿಗೂ ಕಣ್ಣು ತುಂಬಿತ್ತು, "ಈ ಹೊಲಿಗೆಗೆ ಯಾವ ಕಾನೂನೂ ಇಲ್ಲ ಯಜಮಾನ್ರೇ," ಎಂದಳು. "ಚೀಲಕ್ಕಿದೆ. ಕವರಿಗಿಲ್ಲ. ಕೇಸು ಹಾಕೋಣ ಅಂದ್ರೂ ಏನಂತ ಹಾಕೋದು?"

ಶಿಕ್ಷೆಯೂ ಇಲ್ಲವೆಂದರೆ ಮನುಷ್ಯ ಎಲ್ಲಿಗೆ ಹೋಗಬೇಕು!

ಗೇಟಿನವರೆಗೂ ಇಬ್ಬರೂ ನಡೆದರು. ಅಲ್ಲಿ ಅಳಿಯ ನಿಂತ.

"ಅವಳಿಗೆ ಹೇಳಬೇಡಿ. ಯಾವತ್ತೂ. ಬಂದವರಿಗೆಲ್ಲ ಅದೊಂದನ್ನ ಹೇಳ್ಕೊಂಡು ನಗ್ತಾಳೆ. ಕಾಲು ಹೋಯ್ತು, ಅದನ್ನೂ ಕಿತ್ಕೋಬೇಡಿ."

"ನಾನು ಅವಳ ಕಾಲು ಹಿಡೀಬೇಕು ಅಳಿಯಂದ್ರೇ. ಹೇಳದೆ ಹೇಗೆ ಬದುಕಲಿ?"

"ಅದು ನಿಮ್ಮ ಕಷ್ಟ," ಎಂದ. ಮಾವ ಎನ್ನಲಿಲ್ಲ. ಆವತ್ತಿನಿಂದ ಇವತ್ತಿನವರೆಗೂ ಅಂದಿಲ್ಲ.

ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಅನ್ನುತ್ತಾರಲ್ಲ. ಗಟ್ಟಿಯಣ್ಣ ಅಂಗಡಿಯ ಮುಂದೆ ಹಲಗೆ ತೂಗುಹಾಕಿದ: ಸೀಟಿನಲ್ಲಿ ಚೀಲ ಇರುವ ಕಾರಿಗೆ ಇಲ್ಲಿ ಕವರು ಹೊಲಿಯುವುದಿಲ್ಲ. ಬಂದ ಗಿರಾಕಿಗಳಿಗೆ ಬಿಡಿಸಿ ಹೇಳಿದ. ಕೇಳಿಕೊಂಡು ಅವರು, "ಕಾನೂನಿದೆಯಾ?" ಎಂದರು. ಇಲ್ಲ ಎಂದ. "ಮತ್ತೇನು? ಹೊಲೀರಿ ಸುಮ್ನೆ, ನೂರರಲ್ಲಿ ಒಂದಕ್ಕೂ ಆಗಲ್ಲ" ಎಂದರು. ಅವನ ಮಾತನ್ನೇ ಅವನ ಮುಖಕ್ಕೆ ಎಸೆದ ಹಾಗೆ. ಇವನು ಒಲ್ಲೆನೆಂದರೆ ಬೀದಿಯ ಕೊನೆಯ ಅಂಗಡಿಗೆ ಹೋದರು. ಅಲ್ಲಿಯವನು ಸಿಕ್ಕ ದಾರದಲ್ಲಿ ಹೊಲಿದುಕೊಟ್ಟ. ದಾರದ ಏಜೆಂಟು ಮತ್ತೆ ಬಂದಾಗ, ಕವರಿಗೂ ಕಾನೂನು ಮಾಡಿಸಲು ಯಾರನ್ನು ಕಾಣಬೇಕೆಂದು ಗಟ್ಟಿಯಣ್ಣ ಅವನ ಕೈ ಹಿಡಿದುಕೊಂಡು ಕೇಳಿದ. "ನಂಗೇನು ಗೊತ್ತಣ್ಣ? ಆ ದಾರ ಈಗ ತರೋದೇ ಬಿಟ್ಟಿದ್ದೀನಿ. ಯಾರೂ ಕೇಳಲ್ಲ" ಎಂದು ಅವನು ಕೈ ಬಿಡಿಸಿಕೊಂಡ.

ಮಗಳನ್ನು ಗಾಲಿಕುರ್ಚಿಯಲ್ಲಿ ಮನೆಗೆ ಕರೆತಂದರು. ಆಸ್ಪತ್ರೆಯವರು ಕೊಟ್ಟ ದಿಂಬು ಮೆತ್ತಗಿತ್ತು, ಅದರ ಹೊದಿಕೆ ಮಾತ್ರ ತಿಂಗಳಿಗೇ ಬಿರಿಯಿತು. ಅವಳು ಹಟ ಹಿಡಿದು ಗಂಡನ ಕೈಯಲ್ಲಿ ಕುರ್ಚಿ ತಳ್ಳಿಸಿಕೊಂಡು ಅಂಗಡಿಗೆ ಬಂದಳು. ಅಳಿಯ ಹೊಸ್ತಿಲು ದಾಟಲಿಲ್ಲ, ಬೀದಿಗೆ ಮುಖ ಮಾಡಿ ನಿಂತ.

"ಅಪ್ಪಾ, ಇದಕ್ಕೊಂದು ಕವರು ಹೊಲಿದುಕೊಡು. ಮಾಡ್ತೀಯಾ? ಈಚೆಗೆ ಯಾಕೋ ಅಂಗಡಿಯಲ್ಲಿ ಸುಮ್ನೆ ಕೂತಿರ್ತೀಯಂತೆ, ಅಮ್ಮ ಹೇಳಿದ್ಲು. ನನಗೋಸ್ಕರ ನೀನು ಕೆಡಬೇಡ ಕಣಪ್ಪ. ಕೊಡು ಇಲ್ಲಿ, ತುದಿ ನಾನು ಹಿಡೀತೀನಿ."

ಕೆನೆಬಣ್ಣದ ರೆಕ್ಸಿನ್ನಿನ ತುಂಡು ಉಳಿದಿತ್ತು. ಅದೇ ಬೇಕೆಂದಳು. ಕುರ್ಚಿಯಲ್ಲಿ ಕೂತೇ ತುದಿ ಹಿಡಿದು ಜಗ್ಗಿದಳು, ಸುಕ್ಕಿಲ್ಲ, ಓರೆಯಿಲ್ಲ, ಕೈ ಹಾಗೇ ಇತ್ತು. ಗಟ್ಟಿಯಣ್ಣ ಕತ್ತರಿ ಓಡಿಸಿದ. ಕಣ್ಣು ಮಂಜಾಗಿ ಒಂದು ಕಡೆ ಗೆರೆ ತಪ್ಪಿತು. ಅವಳು ನಕ್ಕಳು. "ವಯಸ್ಸಾಯ್ತು ನಿಂಗೆ!"

ಮಷಿನ್ನಿಗೆ ಕೂತು, ಕೈಗೆ ಸಿಕ್ಕ ಸಾಧಾರಣ ದಾರ ಏರಿಸಹೋದ.

"ಅದು ಬೇಡಪ್ಪ, ದಪ್ಪದ್ದು ಹಾಕು. ಇನ್ನು ಸಾಯೋತನಕ ಇದರ ಮೇಲೇ ಕೂರಬೇಕಲ್ಲ, ಬಿಚ್ಚಬಾರದು." ಕುರ್ಚಿಯ ಗಾಲಿ ತಿರುಗಿಸಿಕೊಂಡು ಹತ್ತಿರ ಬಂದು, ಕಪಾಟಿನ ಕೆಳಗಿದ್ದ ನೈಲಾನ್ ಉಂಡೆಯನ್ನು ತಾನೇ ಎತ್ತಿ ಅವನ ಕೈಗಿಟ್ಟಳು. "ನನ್ನ ಕಾರಿಗೆ ಹಾಕಿದ್ದೂ ಇದೇ ತಾನೇ? ಅದಕ್ಕೇ ಒಂದು ಎಳೆಯೂ ಬಿಟ್ಟಿರಲಿಲ್ಲ."

ಬಾಗಿಲಲ್ಲಿ ಅಳಿಯ ತಿರುಗಿದ. ಗಟ್ಟಿಯಣ್ಣ ತಲೆ ಎತ್ತದೆಯೇ ಅದು ಗೊತ್ತಾಯಿತು. ಮಗಳು ಮುಖ ಅರಳಿಸಿಕೊಂಡು ಉತ್ತರಕ್ಕೆ ಕಾಯುತ್ತಿದ್ದಳು.

"ಹೂಂ," ಎಂದ ಗಟ್ಟಿಯಣ್ಣ. ಸೂಜಿಗೆ ದಾರ ಪೋಣಿಸಿ ಮಷಿನ್ನು ತುಳಿಯತೊಡಗಿದ.